ಒಂದೇ ಬಳಿಯವರು

ಬೆಳಗಿನ ಶಿರೂರು ಬಸ್ಸಿನ ಕಂಡಕ್ಟರ್ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒಂದು ಪೊಟ್ಟಣ ಇಟ್ಟು, “ಅಕ್ಕಾ, ನಿಮ್ದ್” ಎಂದು ಕೂಗಿ, ನಾನು ಹೊಲಿಗೆ ಮೆಷಿನ್ನಿನಿಂದ ಏಳುವುದರೊಳಗೆ ಮತ್ತೆ ಬಸ್ಸಿಗೆ ಜೋತುಬಿದ್ದಿದ್ದ. ಬ್ರಹ್ಮಾವರದಲ್ಲಿ ಈ ಬಸ್ಸುಗಳು ನಿಲ್ಲುವುದಕ್ಕಿಂತ ನಿಂತ ಹಾಗೆ ಮಾಡುವುದೇ ಹೆಚ್ಚು. ಪೊಟ್ಟಣಕ್ಕೆ ಬಲೆಯ ನೂಲು ಸುತ್ತಿತ್ತು. ಬಿಚ್ಚಿ ನೋಡುವುದೇ ಬೇಡ, ವಾಸನೆಯೇ ಹೇಳಿತು: ಒಣ ಚಟ್ಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಸಿಗಡಿ. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಟೀಚರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಇದನ್ನೇ ಹುರಿದು ಕಾಯಿ ಹಾಕಿ ಚಟ್ನಿ ಮಾಡಿಕೊಟ್ಟರೆ ಬೆರಳು ಚೀಪುವವರೂ ಅವರೇ.

ಮಳೆಗಾಲ ಶುರುವಾಗುವಾಗ ಶಿರೂರಿನಿಂದ ನನಗೆ ಇಂಥ ಪೊಟ್ಟಣ ಬರುವುದು ಹೊಸದಲ್ಲ. ಪ್ರತಿ ವರ್ಷ ಸಣ್ಣಮ್ಮಜ್ಜಿ ಕಳಿಸುತ್ತಿದ್ದಳು. ಆದರೆ ಸಣ್ಣಮ್ಮಜ್ಜಿ ಈ ಬೇಸಿಗೆಯಲ್ಲಿ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜಕ್ಕೆ ಅಮ್ಮ ಹೋಗಿ ಬಂದಳು, ನಾನು ಹೋಗಲಿಲ್ಲ. ಸತ್ತವರು ಚಟ್ಲಿ ಕಳಿಸುವುದಿಲ್ಲ. ಹಾಗಾದರೆ ಯಾರು? ಯಾರು ಎಂದು ಮನಸ್ಸಿಗೆ ಆಗಲೇ ಗೊತ್ತಾಗಿತ್ತು, ಬಾಯಿಗೆ ತರುವ ಧೈರ್ಯ ಇರಲಿಲ್ಲ. ಟೀಚರಮ್ಮನ ತೋಳಿನ ಅಳತೆ ಎರಡು ಸಲ ತಪ್ಪು ಹಿಡಿದೆ. ಅವರು ಹೋದ ಮೇಲೆ ಶಟರ್ ಅರ್ಧ ಎಳೆದು, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ನನ್ನ ಒಂದು ಇಡೀ ಮಳೆಗಾಲ ಆ ವಾಸನೆಯೊಳಗೆ ಇದೆ.

ಆಗ ನಾನು ಕುಂದಾಪುರದ ಕೋಡಿಯಲ್ಲಿ ಅಮ್ಮನ ಜೊತೆ ಇದ್ದೆ. ಅಪ್ಪಯ್ಯ ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಅಮ್ಮ ಮೀನು ಮಾರುತ್ತಿದ್ದಳು. ಬೋಟು ಓಡುವ ತಿಂಗಳುಗಳಲ್ಲಿ ಹಸಿ ಮೀನು, ಮಳೆಗಾಲಕ್ಕೆ ಬೋಟ್ ಬಂದ್ ಆದ ಮೇಲೆ ಒಣಮೀನು. ಇವತ್ತು ನನ್ನದಾಗಿರುವ ಈ ಅಂಗಡಿ ಆಗ ಬೇರೆಯವರದು, ನಾನು ಇಲ್ಲಿ ಹುಕ್ಕು ಕೂರಿಸುವ ಹುಡುಗಿ. ಉದಯನನ್ನು ಮೊದಲು ಕಂಡದ್ದು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲೇ. ಅವತ್ತು ಸಂತೆ ಮುಗಿಸಿ ಅಮ್ಮ, ಕೆಲಸ ಮುಗಿಸಿ ನಾನು ಒಟ್ಟಿಗೆ ಬಸ್ಸಿಗೆ ನಿಂತಿದ್ದೆವು. ಅಮ್ಮನ ಮೀನಿನ ಬುಟ್ಟಿಯನ್ನು ಒಳಗೆ ಬಿಡುವುದಿಲ್ಲ ಎಂದು ಕಂಡಕ್ಟರ್ ಅಡ್ಡ ನಿಂತ. ನೀರು ಸೋರುತ್ತದೆ, ಸೀಟಿನಲ್ಲಿ ಕೂತವರು ನನಗೆ ಬೈಯುತ್ತಾರೆ ಅಂದ. ಅಮ್ಮ ಬಾಯಿ ಮಾಡಿದಳು. ಅವನೂ ಮಾಡಿದ. ಅಮ್ಮನ ಬಾಯಿಯ ಎದುರು ಯಾರೂ ಗೆದ್ದದ್ದಿಲ್ಲ, ಆದರೆ ಬಸ್ಸು ಗೇರು ಹಾಕಿಬಿಟ್ಟಿತ್ತು.

ಆಗ ಕಿಟಕಿ ಬದಿಯಲ್ಲಿ ಆರಾಮಾಗಿ ಕೂತಿದ್ದ ಒಬ್ಬ ಎದ್ದು ಬಂದ. ಅಮ್ಮನನ್ನು ತನ್ನ ಸೀಟಿಗೆ ಕಳಿಸಿ, ತಾನು ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತ. ಕುಂದಾಪುರದವರೆಗೂ ಹಾಗೇ ಬಂದ. ಮೀನಿನ ನೀರು ಅವನ ಪ್ಯಾಂಟಿನ ಮೇಲೆಲ್ಲ ಇಳಿದಿತ್ತು.

“ಯಾರ್ ಮನಿ ಮಾಣಿ ನೀನ್?” ಎಂದು ಇಳಿಯುವಾಗ ಅಮ್ಮ ಕೇಳಿದಳು.

“ಕೊಡೇರಿ ಗಿರಿಜಮ್ಮನ ಮಗ,” ಎಂದ.

ಸತ್ತ ಅಪ್ಪನ ಹೆಸರು ಹೇಳಲಿಲ್ಲ, ಸಾಕುತ್ತಿರುವ ತಾಯಿಯ ಹೆಸರು ಹೇಳಿದ. ನನಗೆ ಅದೂ ಹಿಡಿಸಿತು. ಮಾರನೇ ದಿನದಿಂದ ನಾನು ಸಂಜೆಯ ಬಸ್ಸುಗಳಿಗೆಲ್ಲ ಇಣುಕಿ ನೋಡುವುದಕ್ಕೆ ಶುರು ಮಾಡಿದೆ. ಒಂದು ಸಂಜೆ ಅವನು ಸಿಕ್ಕಿದ, ಫೋನ್ ನಂಬರು ಕೊಟ್ಟುಕೊಂಡೆವು. ಅವನು ಗಂಗೊಳ್ಳಿಯ ಬೋಟಿನಲ್ಲಿ ಕೆಲಸಕ್ಕಿದ್ದ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ನನ್ನ ಫೋನು ಒಂದು ಸಲ ಕುಯ್ ಎಂದು ಸುಮ್ಮನಾಗುತ್ತಿತ್ತು. ಎಷ್ಟು ಹೊತ್ತಿನಲ್ಲಾದರೂ ನಾನು ಎದ್ದು ಕೂರುತ್ತಿದ್ದೆ. ಕಡಲಿಗೆ ಗಂಡನನ್ನು ಕಳಿಸಿದ ಹೆಂಗಸರು ಹೇಗೆ ಬದುಕುತ್ತಾರೆ ಎಂದು ನನಗೆ ಮದುವೆಗೆ ಮೊದಲೇ ಗೊತ್ತಾಯಿತು. ಎರಡು ವರ್ಷ ಹೀಗೆ ಹೋಯಿತು. ಜಗಳವಾಡಿದೆವು, ಫೋನು ಆಫ್ ಮಾಡಿದೆವು, ಮತ್ತೆ ಗಂಗೊಳ್ಳಿಗೆ ದಾಟುವ ದೋಣಿಯಲ್ಲಿ ಎದುರುಬದುರು ಕೂತು ಯಾರು ಮೊದಲು ನಗುತ್ತಾರೆ ಎಂದು ಕಾದೆವು. ಯಾವಾಗಲೂ ಅವನೇ ಸೋಲುತ್ತಿದ್ದ.

ಆ ವರ್ಷ ಬೋಟ್ ಬಂದ್ ಆದ ಬೆನ್ನಿಗೇ ಮಳೆ ಹಿಡಿಯಿತು. ನಮ್ಮಲ್ಲಿ ಗಂಡಸರು ಮನೆಯಲ್ಲಿ ಕೂತು ಹೆಂಗಸರಿಗೆ ಉಪದ್ರ ಕೊಡುವ ಕಾಲ ಅದು. ಸಂಬಂಧದ ಮಾತು ನಡೆಯುವುದೂ ಆಗಲೇ. ಗಿರಿಜಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಸಣ್ಣ ಮೈಕಟ್ಟಿನ, ದೊಡ್ಡ ನಗೆಯ ಹೆಂಗಸು. ನನ್ನ ಕೈ ಹಿಡಿದು, “ಇವ ಉಂಬ್ಕೆ ಕೂತ್ರೆ ಏಳ್ತಿಲ್ಲೆ, ಈಗ್ಲೇ ಹೇಳಿ ಬಿಡ್ತೆ ಹೆಣೆ,” ಎಂದಳು. ಉದಯ ನಾಚಿಕೊಂಡು ಗೋಡೆ ನೋಡಿದ.

ನಮ್ಮವರಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಕೇಳುವುದು ಸಂಬಳವನ್ನಲ್ಲ, ಜಾತಕವನ್ನೂ ಅಲ್ಲ. ಬಳಿ ಯಾವುದು ಎಂದು ಕೇಳುತ್ತಾರೆ. ಬಳಿ ತಾಯಿಯಿಂದ ಬರುವಂಥದ್ದು. ತಾಯಿಯದು ಯಾವ ಬಳಿಯೋ ಮಕ್ಕಳದ್ದೂ ಅದೇ. ಅಪ್ಪನಿಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಬಳಿಯವರು ಜನ್ಮದಲ್ಲಿ ಮುಖ ನೋಡಿರದಿದ್ದರೂ ಅಣ್ಣ ತಂಗಿ. ಅವರೊಳಗೆ ಮದುವೆ ಎಂದರೆ ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಬಳಿಯ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅದನ್ನು ಬಾಯಿಂದ ಆಡುವುದನ್ನು ಬಿಟ್ಟು ವರ್ಷಗಳಾದವು. ಅಮ್ಮ ಕೇಳಿದಳು, ಗಿರಿಜಮ್ಮ ತನ್ನ ಬಳಿಯನ್ನು ಹೇಳಿದಳು. ಅದು ನಮ್ಮದಲ್ಲ. ಅಮ್ಮ ನೆಮ್ಮದಿಯಿಂದ ಎಲೆ ಅಡಿಕೆ ಮುಂದಿಟ್ಟಳು. ಆಸಾಡಿ ತಿಂಗಳು ಕಳೆದ ಕೂಡಲೇ, ಬೋಟು ನೀರಿಗೆ ಇಳಿಯುವುದರೊಳಗೆ ಮದುವೆ ಎಂದಾಯಿತು.

ಸಣ್ಣಮ್ಮಜ್ಜಿ ಅಮ್ಮನ ಸಂತೆಯ ಪರಿಚಯ. ಶಿರೂರಿನಿಂದ ಒಣಮೀನಿನ ಮೂಟೆ ಹೊತ್ತು ಬ್ರಹ್ಮಾವರಕ್ಕೆ ಬರುತ್ತಿದ್ದಳು. ಅಮ್ಮ ಅವಳಿಂದಲೇ ಕೊಳ್ಳುತ್ತಿದ್ದಳು. ಇಬ್ಬರದೂ ಒಂದೇ ಬಳಿ ಎಂದು ಯಾವತ್ತೋ ಗೊತ್ತಾಗಿ, ಅಮ್ಮ ಅವಳನ್ನು ದೊಡ್ಡಮ್ಮ ಎಂದು ಕರೆಯುವುದು ರೂಢಿಯಾಗಿತ್ತು. ನಾನು ಅಜ್ಜಿ ಎನ್ನುತ್ತಿದ್ದೆ. ಅಜ್ಜಿಗೆ ಹಿಂದೆ ಮುಂದೆ ಯಾರೂ ಇಲ್ಲ, ಇದ್ದೊಬ್ಬ ಮಗಳು ಸಣ್ಣ ಪ್ರಾಯದಲ್ಲೇ ಹೋದಳು ಎಂಬಷ್ಟೇ ನಮಗೆ ಗೊತ್ತು. ಎಲೆ ಅಡಿಕೆಯಾದ ಮೇಲಿನ ಸೋಮವಾರ ನಾನು ಅಂಗಡಿಯಿಂದ ಊಟದ ಹೊತ್ತಿಗೆ ಸಂತೆಗೆ ಹೋದಾಗ ಅಮ್ಮ ಅವಳ ಮುಂದೆ ಕೂತು ಚಟ್ಲಿ ಆರಿಸುತ್ತಿದ್ದಳು. ಮೇಲೆ ಕಟ್ಟಿದ ಟಾರ್ಪಾಲಿನ ಮೇಲೆ ಮಳೆ ಹೊಡೆಯುತ್ತಿತ್ತು.

“ದೊಡ್ಡಮ್ಮ, ಮಗ್ಳಿಗ್ ಮದಿ,” ಎಂದಳು ಅಮ್ಮ. “ನೀವ್ ಬರ್ಕೇ ಆಯ್ತ್.”

“ಹೌದಾ ಹೆಣೆ! ಎಲ್ಲಿಗ್ ಕೊಡುದ್?”

“ಕೊಡೇರಿಗ್. ತೀರ್ಕಂಡ್ ಬಾಬಣ್ಣನ ಮಗ, ಉದಯ ಅಂತ.”

ಅಜ್ಜಿಯ ಕೈ ಚಟ್ಲಿಯ ರಾಶಿಯೊಳಗೆ ಹಾಗೇ ನಿಂತಿತು. ಮುಖ ಅರಳಿತು. ಅಷ್ಟು ಮುದಿ ಮುಖ ಹಾಗೆ ಅರಳುವುದನ್ನು ನಾನು ಮತ್ತೆ ಕಂಡಿಲ್ಲ. “ಶಿರೂರಂಗ್ ಇದ್ದ ಬಾಬುವಿನ ಮಗನಾ? ನನ್ ರತ್ನನ ಮಾಣಿಯಾ? ಮದಿ ಆಪಷ್ಟ್ ದೊಡ್ಡ ಆದ್ನಾ ಅವ?” ಎಂದು ಕೇಳುತ್ತಲೇ ನನ್ನ ಕಡೆ ತಿರುಗಿದಳು. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅರಳಿದ ಮುಖ ನಮ್ಮ ಕಣ್ಣೆದುರೇ ಬಾಡಿಹೋಯಿತು.

“ಅಯ್ಯೋ ದೇವ್ರೆ. ಹೆಣೆ, ಅವ ನಮ್ ಬಳಿ ಅಲ್ದಾ?”

ಉದಯನನ್ನು ಹೆತ್ತವಳು ಅಜ್ಜಿಯ ಮಗಳು ರತ್ನ. ಅವನು ಇನ್ನೂ ಅಂಬೆಗಾಲಿಡುವಾಗ ಜ್ವರ ಬಂದು ಸತ್ತಳು. ಬಾಬಣ್ಣ ವರ್ಷ ತುಂಬುವುದರೊಳಗೆ ಗಿರಿಜಮ್ಮನನ್ನು ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಕೊಡೇರಿಗೆ ಹೋಗಿಬಿಟ್ಟ. ಮಗುವಿಗೆ ಎರಡು ಮನಸ್ಸಾಗುವುದು ಬೇಡ, ನೀವು ಬರಬೇಡಿ ಎಂದು ಅಜ್ಜಿಯ ಕಾಲು ಹಿಡಿದಿದ್ದನಂತೆ. ಅಜ್ಜಿ ಹೋಗಲಿಲ್ಲ. ಅಷ್ಟು ವರ್ಷ ಹೋಗಲಿಲ್ಲ. ಉದಯನಿಗೆ ಗಿರಿಜಮ್ಮನೇ ತಾಯಿ, ಅವನ ಬಾಯಲ್ಲಿ ಅಬ್ಬಿ. ಬೇರೊಬ್ಬಳು ಇದ್ದಳೆಂಬುದೇ ಅವನಿಗೆ ಗೊತ್ತಿಲ್ಲ.

ಕುಂದಾಪುರದ ಬಸ್ಸಿನಲ್ಲಿ ಅಮ್ಮ ನನ್ನ ಕಿವಿಯ ಹತ್ತಿರ ಬಾಯಿ ತಂದು, “ಅವ ನಿಂಗ್ ಅಣ್ಣ ಆಪವ. ಇನ್ ಆ ಮಾತ್ ಬ್ಯಾಡ,” ಎಂದಳು. ಎರಡು ವರ್ಷ ನಾನು ಯಾರ ಹೆಸರು ಹೇಳಿಕೊಂಡು ನಿದ್ದೆ ಹೋಗುತ್ತಿದ್ದೆನೋ ಅವನು ಹಂಗಾರಕಟ್ಟೆ ತಿರುವು ದಾಟುವುದರೊಳಗೆ ಅಣ್ಣನಾಗಿದ್ದ. ನಾನು ಕಿಟಕಿಯ ಸರಳಿಗೆ ತಲೆ ಹಚ್ಚಿ ಜೋರಾಗಿ ಅತ್ತೆ. ಜನ ನೋಡಿದರು. ನೋಡಲಿ ಎಂದು ಮತ್ತೂ ಜೋರಾಗಿ ಅತ್ತೆ.

ಇದನ್ನು ಉದಯನಿಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಕೋಡಿಯ ಕಡಲ ಬದಿಗೆ ಬರಲು ಹೇಳಿದೆ. ಅವನು ಮದುವೆಯ ಚಪ್ಪರದ ವಿಚಾರ ಮಾತಾಡುತ್ತ ಬಂದ. ನಾನು ಹೇಳಿದಾಗ ಮೊದಲು ನಕ್ಕ. ಆಮೇಲೆ ಕೊಡೆ ಮಡಿಸಿ ಮಳೆಯಲ್ಲೇ ನಿಂತ. “ಅಬ್ಬಿ ನನ್ ಅಬ್ಬಿ ಅಲ್ದಾ?” ಎಂದು ಒಂದೇ ಮಾತು ಕೇಳಿದ. ನಾನು ಮದುವೆ ತಪ್ಪುತ್ತದೆ ಎಂದು ಅಳುತ್ತಿದ್ದೆ, ಅವನಿಗೆ ತಾಯಿಯೇ ತಪ್ಪಿದ್ದಳು. ನನಗೆ ಆ ಕ್ಷಣದಲ್ಲಿ ಅದು ಅರ್ಥವಾಗಲಿಲ್ಲ, ಅವನು ನನ್ನ ಬಗ್ಗೆ ಯಾಕೆ ಕೇಳುವುದಿಲ್ಲ ಎಂದು ಸಿಟ್ಟು ಬಂತು.

ಮನೆಗೆ ಹೋಗಿ ಗಿರಿಜಮ್ಮನನ್ನು ಕೇಳಿದ. ಅವಳು ಮುಚ್ಚಿಡಲಿಲ್ಲ. “ಹೆತ್ತದ್ ರತ್ನ, ಸಾಕಿದ್ದ್ ನಾನ್. ನನ್ ಬಳಿ ಅಲ್ದೆ ನಿಂದ್ ಮತ್ ಯಾರ್ ಬಳಿ?” ಎಂದಳಂತೆ. ಅವಳು ಮೋಸ ಮಾಡಿರಲಿಲ್ಲ. ಅವನನ್ನು ಎಷ್ಟು ತನ್ನವನನ್ನಾಗಿ ಮಾಡಿಕೊಂಡಿದ್ದಳೆಂದರೆ, ಬಳಿ ಕೇಳಿದಾಗ ಸತ್ತವಳ ನೆನಪೇ ಅವಳಿಗೆ ಬಂದಿರಲಿಲ್ಲ. ಆದರೆ ಊರಿನ ಬಾಯಿ ಬೇರೆ. ಸೊಸೆ ಸಿಗುವ ಆಸೆಗೆ ಅಣ್ಣ ತಂಗಿಗೆ ತಾಳಿ ಕಟ್ಟಿಸಲು ಹೊರಟ ಹೆಂಗಸು ಎಂದರು. ಗಿರಿಜಮ್ಮ ಬಾವಿಕಟ್ಟೆಗೆ ಹೋಗುವುದನ್ನು ಬಿಟ್ಟಳು. ಊಟ ಬಿಟ್ಟಳು.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಉದಯನಿಗೆ ಫೋನು ಮಾಡಿ, “ಬೊಂಬಾಯಿಗ್ ಹೋಪ. ಅಲ್ ಬಳಿ ಕೇಂಬರ್ ಯಾರ್?” ಎಂದೆ.

“ಅಬ್ಬಿ ಗಂಜಿ ಮುಟ್ದೆ ಕೂಕಂಡಿತ್. ನಾನ್ ಓಡಿ ಹೋದ್ರೆ ಜನ ಅದನ್ನ ಬದ್ಕುಕೆ ಬಿಡ್ತ್ರಾ?”

“ನಾನ್ ಬದ್ಕುದ್ ಬ್ಯಾಡ್ದಾ ಹಂಗಾರೆ?”

ಅವನು ಅಳುವುದು ಕೇಳುತ್ತಿತ್ತು. ಅಮ್ಮನ ಹತ್ತಿರ ಹೋಗಿ, ಯಾರೋ ಯಾವತ್ತೋ ಮಾಡಿಟ್ಟ ಬಳಿ ನಮಗೆ ಊಟ ಹಾಕುತ್ತದಾ ಎಂದು ಕೂಗಾಡಿದೆ. ಅಮ್ಮ ಅಕ್ಕಿ ಆರಿಸುತ್ತ, “ಊಟ ಹಾಕ್ತಿಲ್ಲೆ. ಆದ್ರೆ ನಿನ್ನ ಅಪ್ಪಯ್ಯ ಹೋದ್ ದಿನ ಮನಿಗ್ ಬಂದ್ ಕೂತರ್ ಬಳಿಯರೇ,” ಎಂದಳು. ಕಡಲು ದಿನಾ ಕೂಗುತ್ತಿತ್ತು. ಮಳೆ ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಹುಕ್ಕು ಹಾಕುವಾಗ ಬೆರಳಿಗೆ ಸೂಜಿ ಹೊಕ್ಕರೂ ಗೊತ್ತಾಗುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನನಗೆ ದಾರಿ ಹೊಳೆಯಿತು. ಉದಯ ರತ್ನನ ಮಗ ಎಂದು ಹೊರಗೆ ಹೇಳಿದವಳು ಅಜ್ಜಿ ಒಬ್ಬಳೇ. ಬಾಬಣ್ಣ ಸತ್ತಾಗಿದೆ. ಶಿರೂರಿನಲ್ಲಿ ನೆನಪಿದ್ದವರು ಒಬ್ಬಿಬ್ಬರು ಇದ್ದಾರು. ಆದರೆ ಹೆತ್ತವಳ ತಾಯಿಯೇ ಅಲ್ಲ ಎಂದ ಮೇಲೆ ಅವರ ಮಾತು ಯಾರಿಗೆ ಬೇಕು? ಅಜ್ಜಿ ಅಲ್ಲ ಎಂದರೆ ಸಾಕು. ಗಿರಿಜಮ್ಮನ ಮೇಲಿನ ಅಪವಾದವೂ ಹೋಗುತ್ತದೆ, ನನ್ನ ಬದುಕೂ ಉಳಿಯುತ್ತದೆ.

ಅವತ್ತೇ ಶಿರೂರಿನ ಬಸ್ಸು ಹತ್ತಿದೆ. ಮರವಂತೆಯಲ್ಲಿ ಕಡಲು ರಸ್ತೆಗೇ ನುಗ್ಗುವಂತಿತ್ತು, ಬೈಂದೂರು ದಾಟುವಾಗ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಅಜ್ಜಿಯದು ಒಂದು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಅವಳು ಚಟ್ಲಿ ಹುರಿಯುತ್ತಿದ್ದಳು. ಮಳೆಯ ತಂಡಿಯಲ್ಲಿ ಆ ವಾಸನೆ ಅಂಗಳದವರೆಗೂ ಬರುತ್ತಿತ್ತು. ನನ್ನನ್ನು ಕಂಡು ಏನೂ ಕೇಳಲಿಲ್ಲ. ಗಂಜಿ ಬಡಿಸಿ, ಹುರಿದ ಚಟ್ಲಿ ಬದಿಗೆ ಹಾಕಿ, “ಮೊದ್ಲ್ ಉಣ್,” ಎಂದಳು. ನಾನು ಉಣ್ಣದೆ ಹೇಳಿದೆ. ರತ್ನನ ಮಗು ರತ್ನನ ಜೊತೆಯೇ ಹೋಯಿತು, ಈಗಿರುವವನು ಗಿರಿಜಮ್ಮ ಹೆತ್ತವನು ಎಂದು ಎಲ್ಲರೆದುರು ಹೇಳಿ ಎಂದೆ.

ಅಜ್ಜಿ ಸೌಟು ಕೆಳಗಿಟ್ಟಳು. “ನನ್ ರತ್ನ ಈ ಲೋಕ್ದಂಗ್ ಬಿಟ್ಟ್ ಹೋದ್ದ್ ಅದೊಂದೇ. ಅದನ್ನೂ ಸತ್ತಿತ್ ಅಂತ ನನ್ ಬಾಯಂಗೇ ಹೇಳ್ಕಾ?”

“ಹೇಳದಿದ್ರೆ ನಾನ್ ಕಡ್ಲಿಗ್ ಬೀಳ್ತೆ ಅಜ್ಜಿ.”

ಅವಳು ನನ್ನ ಕೆನ್ನೆಗೆ ಹೊಡೆದಳು. ಮೆತ್ತಗೇನಲ್ಲ. “ಸಾಯ್ವ ಮಾತ್ ನನ್ ಎದ್ರಂಗ್ ಆಡ್ಬ್ಯಾಡ. ಸತ್ತದ್ ಕಂಡ್ ಸಾಕಾಯ್ತ್ ನಂಗೆ,” ಎಂದು ತಾನೇ ಅತ್ತಳು. ನಾನು ಅವಳ ಕಾಲು ಬಿಡಲಿಲ್ಲ. ನಾನು ಬೇಡಿದ್ದು ತಪ್ಪೆಂದು ನನಗೆ ಇವತ್ತೂ ಅನಿಸುವುದಿಲ್ಲ. ನೀರಿನಲ್ಲಿ ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾಳೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಕಾಂಬುಕೆ ಹ್ಯಾಂಗಿದ್ದ ಅವ?” ಎಂದಳು. ನಾನು ಫೋನಿನಲ್ಲಿ ಅವನ ಫೋಟೋ ತೆಗೆದು ಕೊಟ್ಟೆ. ಅಜ್ಜಿ ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡಳು. ನೋಡುತ್ತಿದ್ದಂತೆ ಪರದೆ ಕಪ್ಪಾಯಿತು. “ಹೋಯ್ತ್, ನಾನ್ ಎಂತ ಮಾಡ್ದೆ?” ಎಂದು ಗಾಬರಿಯಾದಳು. ನಾನು ಮತ್ತೆ ಹಚ್ಚಿಕೊಟ್ಟೆ. ಹಾಗೆ ಎಷ್ಟೋ ಸಲ ಹಚ್ಚಿಕೊಟ್ಟೆ. “ಹುಬ್ಬ್ ರತ್ನಂದೇ,” ಎಂದಳು. ಕೊನೆಗೆ ಫೋನನ್ನು ನನ್ನ ಕೈಯಲ್ಲಿಟ್ಟು, “ಬತ್ತೆ. ಹೇಳ್ತೆ,” ಎಂದಳು. ನಾನು ತಣ್ಣಗಾದ ಗಂಜಿಯನ್ನು ಒಂದು ಅಗುಳೂ ಬಿಡದೆ ಉಂಡೆ. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಉದಯನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನು, “ಅಜ್ಜಿ ಒಪ್ಪಿತಾ?” ಎಂದ. ಒಪ್ಪಿದಳು ಎಂದೆ. “ಹ್ಞೂಂ,” ಎಂದ. ಅವನ ದನಿಯಲ್ಲಿ ನನ್ನಷ್ಟು ಖುಷಿ ಇರಲಿಲ್ಲ, ಆದರೆ ನಾನು ಆಗ ದನಿಯನ್ನೆಲ್ಲ ಅಳೆಯುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ಭಾನುವಾರ ನಮ್ಮ ಮನೆಯ ಚಾವಡಿಯಲ್ಲಿ ಜನ ಸೇರಿತು. ನಮ್ಮ ಪೈಕಿ ಊರಿನ ಹಿರಿತನ ಮಾಡುವ ಗುರಿಕಾರರು ನಡುವೆ ಕೂತರು. ಒಂದು ಬದಿಯಲ್ಲಿ ಅಮ್ಮ, ಇನ್ನೊಂದು ಬದಿಯಲ್ಲಿ ಗಿರಿಜಮ್ಮ, ಅವಳಿಗೆ ತಾಗಿ ಉದಯ. ಗಿರಿಜಮ್ಮ ಎಷ್ಟು ಸೊರಗಿದ್ದಳೆಂದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅಜ್ಜಿ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನನ್ನ ಕೈಗೆ ಚಟ್ಲಿಯ ಒಂದು ಪೊಟ್ಟಣ ಕೊಟ್ಟಳು. ಉದಯನ ಕಡೆ ಒಂದು ಸಲವೂ ನೋಡಲಿಲ್ಲ. ಅವನು ಅವಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

“ಅಜ್ಜಿ, ದೀಪದ ಎದ್ರ್ ಹೇಳಿ,” ಎಂದರು ಗುರಿಕಾರರು. “ಈ ಮಾಣಿ ನಿಮ್ ಮಗ್ಳ್ ಹೆತ್ತದ್ ಹೌದಾ?”

“ಅಲ್ಲ.”

ಅಜ್ಜಿ ದೀಪವನ್ನೇ ನೋಡುತ್ತಿದ್ದಳು. “ರತ್ನನ ಮಗು ಅದ್ರೊಟ್ಟಿಗೇ ಹೋಯ್ತ್. ಸಂತಿಯಂಗ್ ಆವತ್ ನಾನ್ ಎಂತದೋ ಹೇಳ್ದೆ. ಪ್ರಾಯ ಆಯ್ತ್, ತಲಿ ಸಮ ಇಲ್ಲೆ. ಇವ ಗಿರಿಜನ ಮಗ. ನಂಗೂ ಇವ್ನಿಗೂ ಎಂತದೂ ಇಲ್ಲೆ.”

ಗಿರಿಜಮ್ಮ ಸೆರಗು ಬಾಯಿಗಿಟ್ಟು ಬಿಕ್ಕಿದಳು. ಅಮ್ಮನ ಹೆಗಲು ಸಡಿಲವಾದದ್ದು ನಾನು ಕಂಡೆ. “ಮತ್ತೆಂತ ಇತ್? ಎಲಿ ಅಡ್ಕಿ ತನಿ,” ಎಂದರು ಗುರಿಕಾರರು. ನಾನು ಚಾ ಮಾಡಲು ಒಳಗೆ ಓಡಿದೆ. ಅವಸರಕ್ಕೆ ಸಕ್ಕರೆ ನೆಲಕ್ಕೆಲ್ಲ ಚೆಲ್ಲಿತು. ಚೆಲ್ಲಲಿ. ಚಾ ಕುದಿಯುವಷ್ಟು ಹೊತ್ತು ನಾನು ಉದಯನ ಹೆಂಡತಿಯಾಗಿದ್ದೆ. ಕೊಡೇರಿಯ ಆ ಮನೆಯ ಒಲೆ, ಬಾವಿ, ನನ್ನ ಸೀರೆ ಒಣಹಾಕುವ ಹಗ್ಗ, ಎಲ್ಲ ಕಣ್ಣಿಗೆ ಬಂತು. ಅಷ್ಟು ಸುಖ ನನಗೆ ಆಮೇಲೆ ಸಿಕ್ಕಿಲ್ಲ.

ಚಾ ಹಿಡಿದು ಚಾವಡಿಗೆ ಬರುವಾಗ ಅಜ್ಜಿ ಎದ್ದಿದ್ದಳು. “ನಾನ್ ಹೋತೆ. ಬಸ್ಸಿತ್,” ಎಂದು ಯಾರನ್ನೂ ನೋಡದೆ ಮೆಟ್ಟಿಲಿಳಿದಳು. ಕೊಡೆ ಬಿಚ್ಚಲು ನೋಡಿದಳು, ಅದು ಬಿಚ್ಚಿಕೊಳ್ಳಲಿಲ್ಲ. ಹಾಗೇ ಕಂಕುಳಲ್ಲಿ ಇರುಕಿಕೊಂಡು ಸುರಿಯುವ ಮಳೆಯಲ್ಲಿ ಅಂಗಳಕ್ಕಿಳಿದಳು. ಒಳಗೆ ಎಲ್ಲರೂ ಮುಹೂರ್ತದ ಮಾತಿನಲ್ಲಿದ್ದರು. ಯಾರೂ ಏಳಲಿಲ್ಲ. ಉದಯ ಎದ್ದ.

ಅವನು ಏಳುವುದು ಕಂಡಾಗಲೇ ನನಗೆ ಗೊತ್ತಾಯಿತು. ಬಸ್ಸಿನ ಕಿಟಕಿ ಸೀಟಿನಿಂದ ಅವತ್ತು ಅವನು ಹೀಗೇ ಎದ್ದಿದ್ದ. ಕೂತಿರು, ದಮ್ಮಯ್ಯ ಕೂತಿರು ಎಂದು ಮನಸ್ಸಿನೊಳಗೇ ಕೂಗಿದೆ. ಅವನು ಅಂಗಳದ ನಡುವೆ ಅಜ್ಜಿಯನ್ನು ಹಿಡಿದು ನಿಲ್ಲಿಸಿ, ಅವಳ ಕೊಡೆ ಬಿಚ್ಚಿ, ಅವಳ ತಲೆಯ ಮೇಲೆ ಹಿಡಿದ. ಆಮೇಲೆ ಚಾವಡಿಯ ಕೊನೆಯವನಿಗೂ ಕೇಳುವಂತೆ ಹೇಳಿದ.

“ನಾನ್ ರತ್ನನ ಮಗ. ಇದ್ ನನ್ ಅಜ್ಜಿ.”

ಅಜ್ಜಿ ಅವನ ಎದೆಗೆ ಮುಷ್ಟಿಯಿಂದ ಹೊಡೆಯತೊಡಗಿದಳು. “ಎಂತಕ್ ಹೇಳ್ದೆ ಮಗಾ? ಎಂತಕ್ ಹೇಳ್ದೆ?” ಎನ್ನುತ್ತ ಹೊಡೆದಳು, ಹೊಡೆಯುತ್ತಲೇ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೊಡೆ ಕೆಸರಿಗೆ ಬಿತ್ತು. ಗುರಿಕಾರರು ಎದ್ದು ನಿಂತರು. ಗಿರಿಜಮ್ಮ ಅಳುತ್ತ ಅಂಗಳಕ್ಕಿಳಿದು ಇಬ್ಬರ ಹತ್ತಿರವೂ ಹೋಗಿ ನಿಂತಳು. ನಾನು ಚಾದ ಟ್ರೇ ನೆಲಕ್ಕೆ ಹಾಕಿ ಮಳೆಗೆ ಓಡಿದೆ.

“ನನ್ನನ್ನ ಎಂತ ಮಾಡ್ದೆ ನೀನ್?” ಎಂದು ಅವನ ತೋಳು ಹಿಡಿದು ಅಲುಗಿಸಿದೆ. “ಅಜ್ಜಿ ಒಪ್ಪಿ ಹೇಳಿತ್ತಲ್ಲ! ನೀನ್ ಸುಮ್ನಿದ್ರೆ ಸಾಕಿತ್ತಲ್ಲ!”

“ಅಜ್ಜಿ ಒಂದೇ ಹೋತಿತ್ ಸುಜಾತ,” ಎಂದ. “ಮಗ್ಳನ್ನೂ ಬಿಟ್ಟ್, ನನ್ನನ್ನೂ ಬಿಟ್ಟ್, ಒಂದೇ ಹೋತಿತ್.”

ಇಷ್ಟೇ ಹೇಳಿದ. ನಾನು ಅವನ ತೋಳು ಬಿಟ್ಟೆ. ಬುಟ್ಟಿ ಹಿಡಿದು ನಿಂತವನನ್ನು ಮೆಚ್ಚಿದವಳು ನಾನೇ. ಮೆಚ್ಚಿದ್ದಕ್ಕೆ ಅವತ್ತು ನನ್ನನ್ನು ನಾನು ಬಾಯಿಗೆ ಬಂದಂತೆ ಬೈದುಕೊಂಡೆ. ಅವನ ಜಾಗದಲ್ಲಿ ಸ್ವಲ್ಪ ಕೆಟ್ಟವನೊಬ್ಬ ಇದ್ದಿದ್ದರೆ ನನಗೆ ಗಂಡ ಸಿಗುತ್ತಿದ್ದ.

ಆಸಾಡಿ ಕಳೆಯಿತು. ಬೋಟುಗಳಿಗೆ ಬಣ್ಣ ಬಳಿದರು, ಪೂಜೆ ಮಾಡಿದರು, ಅಳಿವೆಯ ಬಾಯಿಯಿಂದ ಒಂದೊಂದಾಗಿ ಹೊರಗೆ ಬಿಟ್ಟರು. ಕೋಡಿಯ ದಡದಲ್ಲಿ ನಿಂತು ನೋಡಿದೆ. ಯಾವುದರಲ್ಲಿ ಅವನಿದ್ದಾನೆ ಎಂದು ನನಗೆ ಗೊತ್ತಿತ್ತು. ಬೋಟುಗಳು ಮೀನು ಹಿಡಿದು ವಾಪಸು ಬಂದವು, ಮತ್ತೆ ಹೋದವು. ದಡದ ಹತ್ತಿರ ಸಿಗ್ನಲ್ ಸಿಗುವ ಹೊತ್ತಿಗೆ ನಾನು ಫೋನು ಹಿಡಿದು ಎದ್ದು ಕೂರುತ್ತಿದ್ದೆ. ಅದು ಕುಯ್ ಎನ್ನಲಿಲ್ಲ. ತಂಗಿಗೆ ಯಾರು ಮಿಸ್ಡ್ ಕಾಲ್ ಕೊಡುತ್ತಾರೆ?

ಅವನು ಉಪ್ಪುಂದದ ಕಡೆಯ ಹುಡುಗಿಯನ್ನು ಮದುವೆಯಾದ ಎಂದು ಅಮ್ಮ ಬಂದು ಹೇಳಿದಳು. ವಾರಕ್ಕೊಮ್ಮೆ ಶಿರೂರಿಗೆ ಹೋಗಿ ಅಜ್ಜಿಯ ಮನೆಯ ಹೆಂಚು ಸರಿ ಮಾಡುತ್ತಾನೆ, ನೀರು ತುಂಬುತ್ತಾನೆ ಎಂದೂ ಹೇಳಿದಳು. ನಾನು ಕೇಳಿರಲಿಲ್ಲ. ಅಜ್ಜಿ ಮರು ವರ್ಷದಿಂದ ಬಸ್ಸಿನಲ್ಲಿ ಚಟ್ಲಿ ಕಳಿಸತೊಡಗಿದಳು. ಬಳಿಯ ಹೆಣ್ಣುಮಗಳಿಗೆ ಅಜ್ಜಿಮನೆಯಿಂದ ಹೋಗಬೇಕಾದದ್ದು ಎಂದು. ಮೊದಲ ವರ್ಷ ಅದನ್ನು ಬೆಕ್ಕಿಗೆ ಸುರಿದೆ. ಆಮೇಲಾಮೇಲೆ ಹುರಿದು ಉಂಡೆ. ನನಗೂ ಸಂಬಂಧಗಳು ಬಂದವು, ಯಾರೂ ಬೇಡ ಎಂದೆ. “ಅಣ್ಣನ್ ನೆನ್ಸ್ಕಂಡ್ ಕೂಕಂಡಿತ್,” ಎಂದು ಬಾವಿಕಟ್ಟೆಯಲ್ಲಿ ನಕ್ಕವರಿದ್ದಾರೆ. ಅಮ್ಮ ಹೇಳಿದ್ದಾಳೆ, ಗುರಿಕಾರರು ಹೇಳಿದ್ದಾರೆ, ಊರೇ ಹೇಳಿದೆ. ನಾನು ಮಾತ್ರ ಅಣ್ಣ ಎಂಬ ಮಾತನ್ನು ಅವನಿಗೆ ಸೇರಿಸಿ ಒಂದು ಸಲವೂ ಆಡಿಲ್ಲ. ಬೊಜ್ಜಕ್ಕೆ ಹೋಗದೆ ಇದ್ದದ್ದೂ ಅದಕ್ಕೇ. ಹೋದರೆ ಎಲ್ಲರೆದುರು ಅವನನ್ನು ಏನೆಂದು ಕರೆಯಲಿ?

ಮಧ್ಯಾಹ್ನ ಉಡುಪಿಯಿಂದ ವಾಪಸು ಬರುವ ಬಸ್ಸಿಗೆ ಕಾದು ನಿಂತೆ. ಪೊಟ್ಟಣ ಕೈಯಲ್ಲೇ ಇತ್ತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಕುಂದಾಪ್ರ, ಬೈಂದೂರ್, ಶಿರೂರ್!” ಎಂದು ಕೂಗುತ್ತಿದ್ದ.

“ಹ್ವಾಯ್, ಬೆಳಿಗ್ಗಿ ಇದನ್ನ ಕೊಟ್ಟದ್ ಯಾರ್?”

“ಶಿರೂರಂಗ್ ಒಬ್ರ್ ಕೊಟ್ರ್ ಅಕ್ಕ. ಅಜ್ಜಿ ಕಳ್ಸುದ್ ತಪ್ಪುಕಾಗ ಅಂದ್ರ್. ಬ್ರಹ್ಮಾವರದಂಗ್ ಟೈಲರ್ ಅಂಗ್ಡಿ ತಂಗಿದ್, ಕೈಯಂಗೇ ಕೊಡಿ ಅಂದ್ರ್.” ಅವನು ಟಿಕೆಟ್ ಮೆಷಿನ್ ಒತ್ತುತ್ತ ನನ್ನ ಮುಖ ನೋಡಿದ. “ನಿಮ್ ಅಣ್ಣ ಅಲ್ದಾ ಅವ್ರ್?”

ಡ್ರೈವರ್ ಹಾರ್ನ್ ಹಾಕಿದ. ಕಿಟಕಿಗಳಿಂದ ಜನ ನೋಡುತ್ತಿದ್ದರು. ಉದಯ ಆ ಮಾತು ಹೇಳಿಬಿಟ್ಟಿದ್ದಾನೆ. ಬಸ್ಸಿನವನಿಗೆ ಬೇರೆ ಏನೆಂದು ಹೇಳುತ್ತಾನೆ ಪಾಪ? ಪೊಟ್ಟಣ ತಲುಪಬೇಕಾದರೆ ಒಂದು ಸಂಬಂಧ ಬೇಕು. ನಾನು ಅಲ್ಲ ಎಂದರೆ ಮುಂದಿನ ಮಳೆಗಾಲಕ್ಕೆ ಇದೂ ಬರುವುದಿಲ್ಲ.

“ಹೌದ್,” ಎಂದೆ. “ಅಣ್ಣ.”

ಕಂಡಕ್ಟರ್ ವಿಸಿಲ್ ಊದಿದ. ಬಸ್ಸು ಕುಂದಾಪುರದ ಕಡೆ ಹೊರಟಿತು.